ಸರ್ಪವಲ್ಲ

“ಸ್ವಲ್ಪ ಸರ್ಪದೋಷ ಇತ್ತು ಕಣ್ರೀ, ಅಷ್ಟೇಯ. ನಾಗರಕಲ್ಲಿಗೆ ಹಾಲೆರೆದ್ವಿ, ಹೋಯ್ತು,” ಎಂದು ದೊಡ್ಡಪ್ಪ ಸಣ್ಣತಿಮ್ಮಯ್ಯ ಗಂಡಿನ ಕಡೆಯವರಿಗೆ ಹೇಳಿದಾಗ, ಎಳನೀರು ಕೊಡುತ್ತಿದ್ದ ಭೈರಮ್ಮನ ಕೈ ನಿಂತಿತು. ಲಾರಿ ಅಪಘಾತದಲ್ಲಿ ತೀರಿಕೊಂಡ ಅವಳ ಗಂಡನಿಗಿದ್ದ ಹುಣ್ಣನ್ನು ತಿಪಟೂರಿನ ಡಾಕ್ಟರು ಹರ್ಪಿಸ್ ಎಂದಿದ್ದರು. ಮನೆಯವರಿಗೆ ಅದು ಸರ್ಪವೆಂದು ಕೇಳಿಸಿತ್ತು. ಭೈರಮ್ಮನಿಗೆ ಕೂಡಿಕೆಯ, ಅಂದರೆ ಮರುಮದುವೆಯ, ಮಾತು ಬಂದ ಮೇಲೆ, ಹಾಗೆ ಕೇಳಿಸಿದ್ದೇ ಅವರಿಗೆ ಅನುಕೂಲವಾಗಿತ್ತು.

“ಪಾಪ, ಆ ಹಾವಿನ ಮ್ಯಾಲೆ ಯಾಕೆ ಹಾಕ್ತೀಯ ದೊಡ್ಡಪ್ಪ? ಅದು ನನ್ನ ಗಂಡ ಊರೂರು ಸುತ್ತಿ ತಂದಿದ್ದ ಕಾಯಿಲೆ. ನಂಗೂ ಅಂಟಿರಬೋದು.”

“ಬಾಯ್ಮುಚ್ಚೇ! ನಿನ್ನ ರಕ್ತದಾಗೆ ಏನೂ ಇಲ್ಲ ಅಂತ ಬಂತಲ್ಲ?”

“ಬಂತು. ಆ ಪರೀಕ್ಷೆನ ಪೂರ್ತಿ ನಂಬಂಗಿಲ್ಲ, ಒಳಗೇ ಅಡಗಿದ್ರೂ ಇರ್ತದೆ ಅಂತ ಅದೇ ಡಾಕ್ಟರು ಅಂದ್ರಲ್ಲ, ಅದನ್ನ ಯಾಕೆ ನುಂಗ್ಕೊಂಡೆ? ಆ ಪುಣ್ಯಾತ್ಮ ನಂಗೆ ಹೇಳ್ದಲೇ ತಾಳಿ ಕಟ್ಟಿದ. ನಾನೂ ಇವ್ರಿಗೆ ಹಂಗೇ ಮಾಡ್ಲಾ?”

ಗಂಡಿನ ತಾಯಿ ಸೆರಗು ಕೊಡವಿಕೊಂಡು ಎದ್ದೇಬಿಟ್ಟರು. “ನಡೀಲಾ ದುರ್ಗ, ಇಂಥ ಮನೇಲಿ ನಮಗೇನು ಕೆಲ್ಸ!”

ದುರ್ಗಯ್ಯ ಏಳಲಿಲ್ಲ. ಭೈರಮ್ಮ ಹಿಡಿದೇ ನಿಂತಿದ್ದ ಎಳನೀರನ್ನು ಮೆಲ್ಲಗೆ ತಾನೇ ತೆಗೆದುಕೊಂಡ.

“ಕೂತ್ಕೊಳವ್ವ. ಶಾಸ್ತ್ರ ಆಮೇಲೆ, ಮೊದ್ಲು ನಾವಿಬ್ರೂ ಆ ಡಾಕ್ಟರ ತಾವ ಹೋಗಿ ಕೇಳ್ಕೊಂಡು ಬತ್ತೀವಿ,” ಎಂದವನು ಸಣ್ಣತಿಮ್ಮಯ್ಯನ ಕಡೆ ತಿರುಗಿದ. ಅವನ ದನಿ ಗಡುಸಾಯಿತು. “ನಾನೂ ಹೆಂಡ್ತಿ ಕಳ್ಕೊಂಡೋನೇ. ನಿನ್ನ ರಕ್ತ ನೋಡ್ಸಿದ್ದೀಯೇನಪ್ಪ ಅಂತ ನೀವ್ಯಾರಾದ್ರೂ ನನ್ನ ಕೇಳಿದ್ರಾ?”