ನೈವೇದ್ಯದ ಬಾತು

ಹೆಂಡತಿಯ ಕೈ ಉಳುಕಿತ್ತು. ಮಧ್ಯಾಹ್ನ ಊಟಕ್ಕೆ ಅತ್ತೆಯ ಅಣ್ಣನ ಮನೆಯವರು ಬರುವವರಿದ್ದರು. "ಒಂದೇ ಬಾಣಲೆ, ಅರ್ಧ ಗಂಟೆ ಸಾಕು. ಬೆರಳು ಚೀಪ್ಕೊಂಡು ತಿಂತಾರೆ ನೋಡ್ತಿರಿ," ಎಂದು ಅಳಿಯ ಜಂಬದಿಂದ ಅಡುಗೆಮನೆಗೆ ನುಗ್ಗಿದ.

ಅತ್ತೆ ಒಂದೇ ಮಾತು ಹೇಳಿದರು: "ದೇವರಿಗೆ ನೈವೇದ್ಯ ಆಗೋವರೆಗೂ ರುಚಿ ನೋಡೋ ಹಾಗಿಲ್ಲ. ನಲವತ್ತು ವರ್ಷದಿಂದ ಈ ಮನೇಲಿ ಹಾಗೇ ನಡ್ಕೊಂಡು ಬಂದಿದೆ."

ಗೋಧಿನುಚ್ಚು, ಅವರೆಕಾಳು, ಕಾಯಿತುರಿ ಎಲ್ಲ ಬೆರೆತು ಬಾತು ಘಮಘಮಿಸುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಸೌಟಿನ ತುದಿಯಿಂದ ಚೂರು ನೆಕ್ಕಿ, ಅದೇ ಸೌಟನ್ನು ಬಾಣಲೆಗೆ ಹಾಕಿಬಿಟ್ಟ. ಉಪ್ಪೇ ಇರಲಿಲ್ಲ! ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಬೆಲ್ ಹೊಡೆಯಿತು. ಬಂದವರನ್ನು ಕೂರಿಸಿ, ನೀರು ಕೊಟ್ಟು ಬರುವುದರೊಳಗೆ ಬಾಣಲೆ ದೇವರ ಮುಂದಿತ್ತು. ಅತ್ತೆ ಗಂಟೆ ಬಾರಿಸುತ್ತಿದ್ದರು.

ಎಲೆಯ ಮುಂದೆ ಅವನು ತಲೆ ತಗ್ಗಿಸಿ ಕೂತ. ದೇವರಿಗೆ ಎಂಜಲು ಇಟ್ಟಿದ್ದೂ ಆಯಿತು, ನೆಂಟರಿಗೆ ಸಪ್ಪೆ ಬಡಿಸಿದ್ದೂ ಆಯಿತು.

"ಉಪ್ಪು ಖಾರ ಎಷ್ಟು ಹದವಾಗಿದೆ ರೀ!" ಎಂದು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಬಾಯಿಗಿಟ್ಟುಕೊಂಡರೆ ನಿಜಕ್ಕೂ ಹದವಾಗಿತ್ತು. ದೇವರೇ ಉಪ್ಪು ಹಾಕಿದನೇ?

ನೆಂಟರು ಹೊರಟ ಮೇಲೆ ಅತ್ತೆಯ ಎದುರು ನಿಂತ. "ತಪ್ಪಾಯ್ತು ಅತ್ತೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡಿಬಿಟ್ಟೆ. ಆಗ ಉಪ್ಪೇ ಇರಲಿಲ್ಲ."

ಅತ್ತೆ ಎದ್ದು ಹೋಗಿ ದೇವರಮನೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು ಬಂದರು.

"ನಾನು ರುಚಿ ನೋಡಿದಾಗ್ಲೂ ಇರಲಿಲ್ಲ."