ಮುಳ್ಳು ಮುರಿದ ಕೈ

“ಎಕ್ಸ್‌ಪರ್ಟ್ ಬಂದಿದ್ದಾರೆ. ಅವರ ಬಾಯಿಂದಲೇ ಕೇಳು,” ಎಂದ ಕೌಶಲ್.

ಕೆಲಸದ ಬಾಗಿ ಹೊಸ್ತಿಲ ಹತ್ತಿರವೇ ನಿಂತಳು. ಮೂರು ವರ್ಷ ಈ ಮನೆಯ ನೆಲ ಒರೆಸಿದವಳನ್ನು ಹದಿನೈದು ದಿನಗಳ ಹಿಂದೆ ಅವನೇ ಕೆಲಸದಿಂದ ತೆಗೆದಿದ್ದ. ರೆಕಾರ್ಡ್ ಪ್ಲೇಯರಿನ ಮುಳ್ಳು ಮುರಿದವಳು ಅವಳೆಂದು. ಅಷ್ಟಕ್ಕೇ ಸುಮ್ಮನಾಗಿರಲಿಲ್ಲ. ಮುಂಬಯಿ ಹತ್ತಿರದ ಖಾರಘರದ ಆ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೊ ಹಾಕಿ, ‘ಸಾಮಾನು ಮುರಿದು ಸುಳ್ಳು ಹೇಳುತ್ತಾಳೆ, ಎಚ್ಚರ’ ಎಂದು ಬರೆದಿದ್ದ. ಮರುದಿನವೇ ಅವಳು ಕೆಲಸಕ್ಕೆ ಹೋಗುತ್ತಿದ್ದ ಉಳಿದ ನಾಲ್ಕು ಮನೆಯವರೂ ಅವಳನ್ನು ಬರಬೇಡವೆಂದಿದ್ದರು. ಇವತ್ತು ಕರೆಸಿದ್ದೂ ಕನಿಕರದಿಂದಲ್ಲ, ತಾನು ಹೇಳಿದ್ದೇ ಸರಿಯೆಂದು ಅವಳೆದುರು ಸಾಬೀತು ಮಾಡಲಿಕ್ಕೆ.

ಡೊಂಬಿವಿಲಿಯ ಚೆನ್ನಯ ರೇಡಿಯೊ, ಪ್ಲೇಯರ್ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವನು. ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಅಷ್ಟು ದೂರದಿಂದ ಬಂದಿದ್ದ. ಗೋಡೆ ತುಂಬ ಜೋಡಿಸಿಟ್ಟ ರೆಕಾರ್ಡುಗಳ ಮೇಲೆ ಒಮ್ಮೆ ಕಣ್ಣಾಡಿಸಿದ. ಹೆಚ್ಚಿನವುಗಳ ಪ್ಲಾಸ್ಟಿಕ್ ಕವರು ಕೂಡ ಹರಿದಿರಲಿಲ್ಲ. ಅವನು ಪ್ಲೇಯರಿನ ತೋಳಿನ ತುದಿಯಿಂದ ಮುಳ್ಳಿರುವ ಪುಟ್ಟ ಡಬ್ಬಿ, ಕಾರ್ಟ್ರಿಜನ್ನು ಬಿಚ್ಚಿ, ಅದರ ಮುಳ್ಳಿಗೆ ಭೂತಗನ್ನಡಿ ಹಿಡಿದ.

“ಈ ಬಾಗಿ ಬಟ್ಟೆಯಲ್ಲಿ ಒರೆಸಿದ್ದಾಳೆ ಅಂಕಲ್. ಹಜಾರ್ ಬಾರ್ ಹೇಳಿದ್ದೆ, ಮುಟ್ಬೇಡ ಅಂತ. ಇವರಿಗೆಲ್ಲ ವಿಂಟೇಜ್ ಅಂದ್ರೆ ಏನು ಗೊತ್ತು! ಬಿಲ್ಡಿಂಗಿನ ಗ್ರೂಪಲ್ಲೂ ಹಾಕಿದ್ದೇನೆ, ಎಲ್ಲರಿಗೂ ಗೊತ್ತಿರ್ಲಿ ಅಂತ.”

“ನಾನು ಮುಟ್ಲೇ ಇಲ್ಲ ಮಾರಾಯ್ರೇ,” ಎಂದಳು ಬಾಗಿ, ಚೆನ್ನಯನಿಗೆ.

“ಎಲ್ಲರೂ ಹೇಳೋದು ಇದನ್ನೇ,” ಕೌಶಲ್ ನಕ್ಕ.

ಚೆನ್ನಯ ಕನ್ನಡಿ ಕೆಳಗಿಟ್ಟ. “ಬಟ್ಟೆಗೆ ಸಿಕ್ಕಿದ ಮುಳ್ಳು ಪಕ್ಕಕ್ಕೆ ಬಾಗ್ತದೆ, ಇಲ್ಲ ಕಿತ್ತೇ ಬರ್ತದೆ. ಇದು ಹಾಗಲ್ಲ. ಮೇಲಿಂದ ಭಾರ ಬಿದ್ದು ಕಾರ್ಟ್ರಿಜಿನ ಹೊಟ್ಟೆಯೊಳಗೆ ಕುಸಿದಿದೆ. ರಿಪೇರಿ ಆಗುದಿಲ್ಲ, ಹೊಸತೇ ಬೇಕು.” ಆಮೇಲೆ ತೋಳಿನ ತುದಿಯನ್ನು ಬೆಳಕಿಗೆ ತಿರುಗಿಸಿದ. ಅದರ ನೆತ್ತಿಯ ಮೇಲೆ ಟೇಪಿನ ಅಂಟು ಉಳಿದಿತ್ತು. ಅಂಟಿನ ನಡುವೆ ಮಾತ್ರ ದುಂಡಗೆ, ಸ್ವಚ್ಛ. ಚೆನ್ನಯ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಅಲ್ಲಿಟ್ಟ. ಗುರುತಿನ ಮೇಲೆ ಸರಿಯಾಗಿ ಕೂತಿತು.

“ಮುಳ್ಳು ಹಾರುವಾಗ ಕೆಲವರು ಹೀಗೆ ನಾಣ್ಯ ಅಂಟಿಸ್ತಾರೆ. ಹಾರುದು ನಿಲ್ತದೆ, ಮುಳ್ಳೂ ಸಾಯ್ತದೆ. ಇದನ್ನೂ ಬಾಗಿಯಕ್ಕನೇ ಅಂಟಿಸಿದ್ದಾ?”

ಕೌಶಲನ ಕಿವಿ ಕೆಂಪಾಯಿತು. “ಪಾರ್ಟಿ ಇತ್ತು ಅಂಕಲ್. ಎಲ್ಲ ಕುಣೀತಾ ಇದ್ರು, ಜಂಪ್ ಆಗ್ತಿತ್ತು… ಯೂಟ್ಯೂಬಲ್ಲಿ ಹಾಗೇ ತೋರಿಸಿದ್ರು.” ಬಾಗಿಯ ಕಡೆ ನೋಡದೆಯೇ ಗಡಿಯಾರ ನೋಡಿದ. “ಛೋಡೋ, ಹೊಸತು ಹಾಕಿಬಿಡಿ. ಆರು ಗಂಟೆಗೆ ಗೆಸ್ಟ್ ಬರ್ತಾರೆ.”

ಚೆನ್ನಯ ಚೀಲದಿಂದ ಹೊಸ ಕಾರ್ಟ್ರಿಜ್ ತೆಗೆದು ಕೂರಿಸಿದ. ಕೂದಲೆಳೆಯಂಥ ನಾಲ್ಕು ತಂತಿಗಳು. ಕೆಂಪು, ಬಿಳಿ, ನೀಲಿ ಸೇರಿಸಿದ. ಹಸಿರಿಗೆ ಬಂದಾಗ ಚಿಮಟ ನಿಲ್ಲಿಸಿದ.

“ಗುಂಪಿನಲ್ಲಿ ಹಾಕಿದ್ದನ್ನು ಏನು ಮಾಡ್ತೀರಿ?”

“ಅದು ಹಳೇ ಮೆಸೇಜ್ ಅಂಕಲ್. ಯಾರಿಗೂ ಯಾದ್ ಇರೋದಿಲ್ಲ.”

“ನಾಲ್ಕು ಮನೆಯವರಿಗೆ ಉಂಟು,” ಎಂದಳು ಬಾಗಿ.

ಚಿಮಟ ಅಲುಗಲಿಲ್ಲ. ಕೌಶಲ್ ಉಸಿರು ಬಿಟ್ಟು, ಮೊಬೈಲ್ ತೆಗೆದು ಇಂಗ್ಲಿಷಿನಲ್ಲಿ ಎರಡು ಸಾಲು ಒತ್ತಿ ಚೆನ್ನಯನ ಮೂಗಿನ ಮುಂದೆ ಹಿಡಿದ. “ಹಾಕಿದೆ. ಬಸ್, ಸಾಕಾ?”

“ಏನು ಬರ್ದಿದ್ದಾರೆ ಅಣ್ಣ?” ಬಾಗಿ ಕೇಳಿದಳು.

“ಮೆಷಿನಿನಲ್ಲೇ ಏನೋ ದೋಷ ಇತ್ತಂತೆ. ನಿಮ್ಮ ವಿಷಯ ಮುಗೀತಂತೆ.”

“ಹೌದಾ? ಹಾಗಾದ್ರೆ ನನ್ನನ್ನು ಓಡಿಸಿದ್ದೂ ಮೆಷಿನೇ ಇರ್ಬೇಕು.”

ಚೆನ್ನಯ ದೊಡ್ಡದಾಗಿ ನಕ್ಕ. ಸೇರಿಸಿದ್ದ ನೀಲಿ ತಂತಿಯನ್ನು ಮತ್ತೆ ಬಿಚ್ಚಿದ, ಬಿಳಿಗೆ ಚಿಮಟ ಹಾಕಿದ. ಕೌಶಲ್ ಕುರ್ಚಿಯಿಂದ ಎದ್ದೇಬಿಟ್ಟ. “ಅರೇ, ಏನು ಬರೀಬೇಕು ಹೇಳಿ, ಬರೀತೇನೆ!”

“ಬರೆಯುದು ಬೇಡ,” ಬಾಗಿ ಹೊಸ್ತಿಲು ಬಿಟ್ಟು ಒಳಗೆ ಬಂದಳು. “ನನಗೆ ಓದ್ಲಿಕ್ಕೆ ಬರುದಿಲ್ಲ. ಬಾಯಲ್ಲಿ ಹೇಳಿ ಕಳಿಸಿ. ನಾನೂ ಕೇಳ್ತೇನೆ.”

ಮೊದಲ ಸಲ ಕೌಶಲ್ ಕಫ ಕಟ್ಟಿದವನಂತೆ ಏನೋ ಗೊಣಗಿದ. “ಯಾರು ಮಾಡಿದ್ದು ಅಂತ ಕೇಳಿಸ್ಲಿಲ್ಲ,” ಎಂದಳು ಬಾಗಿ. ಎರಡನೆಯ ಸಲ ಮೊಬೈಲನ್ನು ಬಾಯಿಗೆ ಹತ್ತಿರ ಹಿಡಿದು ಹಿಂದಿಯಲ್ಲಿ ಬಿಡಿಸಿ ಹೇಳಿದ: ಪ್ಲೇಯರ್ ಹಾಳು ಮಾಡಿದ್ದು ತಾನು, ಕೌಶಲ್, ಬಾಗಿ ಅದನ್ನು ಮುಟ್ಟಿರಲಿಲ್ಲ, ತಾನು ಬರೆದದ್ದು ಸುಳ್ಳು. ತನ್ನ ಹೋಟೆಲಿನಲ್ಲಿ ಮೂವತ್ತು ಕೆಲಸದವರನ್ನು ಗದರಿಸುವ ಗಂಟಲು ‘ಸುಳ್ಳು’ ಎಂಬಲ್ಲಿ ಒಡೆಯಿತು. ಬಾಗಿ ಮೊಬೈಲಿಗೆ ಕಿವಿಗೊಟ್ಟು ಪೂರ್ತಿ ಕೇಳಿ, “ಈಗ ಕಳಿಸಿ,” ಎಂದಳು.

ಚೆನ್ನಯ ನೀಲಿಯನ್ನೂ ಹಸಿರನ್ನೂ ಸೇರಿಸಿ, ಪುಟ್ಟ ತಕ್ಕಡಿಯಲ್ಲಿ ಮುಳ್ಳಿನ ಭಾರ ಸರಿಮಾಡಿ, ರೆಕಾರ್ಡಿನ ಮೇಲೆ ಇಳಿಸಿದ. ಸಿತಾರಿನ ದನಿ ಕೋಣೆ ತುಂಬಿತು. ಕೌಶಲ್ ತಾನೇ ರಿಪೇರಿ ಮಾಡಿದವನಂತೆ ಸೋಫಾಕ್ಕೆ ಒರಗಿ ತಲೆದೂಗಿದ. ಮನೆಯ ಮೂಲೆಯಲ್ಲಿ ಹದಿನೈದು ದಿನಗಳ ಧೂಳು ಅವನ ಕಣ್ಣಿಗೆ ಬಿತ್ತು.

“ಚಲೋ, ಆದದ್ದು ಆಯ್ತು. ನಾಳೆಯಿಂದ ಕೆಲಸಕ್ಕೆ ಬಾ ಬಾಗಿ.”

ಬಾಗಿ ಚಪ್ಪಲಿಗೆ ಕಾಲು ತೂರಿಸಿದಳು.

“ಹಾಳಾದದ್ದೆಲ್ಲ ರಿಪೇರಿ ಆಗುದಿಲ್ಲ ಧಣಿ. ನೀವು ಹೊಸ ಮುಳ್ಳು ತರಿಸಿದ್ರಿ. ನಾನು ಹೊಸ ಮನೆ ನೋಡ್ಕೊಳ್ತೇನೆ.”