ಆರು ಮೂಲೆಯ ಬೆಂಜೀನ್

“ಈ ಬೆಂಜೀನಿಗೆ ಆರು ಮೂಲೆ ಯಾಕೆ ಬೇಕಿತ್ತು?”

ಓಬಳರಾಜು ಕೇಳಿದ್ದು ಯಾರನ್ನೂ ಅಲ್ಲ. ಕೈಯಲ್ಲಿದ್ದ ದಪ್ಪ ಪುಸ್ತಕವೂ ಉತ್ತರ ಕೊಡಲಿಲ್ಲ. ಅದನ್ನು ಮುಚ್ಚಿಟ್ಟು ಇನ್ನೊಂದನ್ನು ಎತ್ತಿಕೊಂಡ. ಪುಸ್ತಕದಂಗಡಿಗಳು ಮಧುಗಿರಿಯಲ್ಲೂ ಇದ್ದವು. ಅಲ್ಲಿ ಗುರುತಿನವರು ಹೆಚ್ಚು. ಅದಕ್ಕೇ ಬಸ್ ಹತ್ತಿ ಶಿರಾಕ್ಕೆ ಬಂದಿದ್ದ.

ಅಂಗಡಿಯ ಶಂಕರಲಿಂಗಪ್ಪ ಕನ್ನಡಕದ ಮೇಲಿಂದ ನೋಡಿದರು. “ಸೆಕೆಂಡ್ ಪಿಯುಸಿ ಕೆಮಿಸ್ಟ್ರೀನೇನಪ್ಪಾ? ಎಷ್ಟನೇ ಸಲ?”

“ಮೂರು ಸಲ ಮರ್ಯಾದೆ ಹೋಗೈತೆ. ನಾಳೆ ಬೆಳಿಗ್ಗೆ ನಾಕನೇದು.”

“ಮೀಸೆ ಬಂತು, ಬೆಂಜೀನ್ ಬರ್ಲಿಲ್ಲ ಅನ್ನು! ಕಾಲೇಜ್ನಾಗೆ ಪಾಠ ಮಾಡೋರಿಲ್ವಾ?”

“ಇದ್ರು. ಮದ್ವೆ ಆಗಿ ಹೊಂಟೋದ್ರು. ‘ನೀನೇ ಹೆಂಗಾದ್ರೂ ಓದ್ಕೊ’ ಅಂದ್ಬುಟ್ರು ಪ್ರಿನ್ಸಿಪಾಲ್ರು. ಈ ಸಲಾನೂ ಕೆಟ್ರೆ ಕಾಲೇಜಿಂದ ಹೊರಕ್ಕೇ ಅಂತೆ.” ಅವನು ಕೈಲಿದ್ದ ಪುಸ್ತಕದ ಹಾಳೆ ತಿರುವಿದ. “ಬೋರ್ಡಿನ ಮುಂದೆ ನಿಂತ್ರೆ ಆರು ಮೂಲೆ ಏಳಾಗ್ತವೆ. ಹಿಂದಿನ ಬೆಂಚಿನೋರು ನಗ್ತಾರೆ.”

ಶಂಕರಲಿಂಗಪ್ಪನವರಿಗೆ ಅಯ್ಯೋ ಎನ್ನಿಸಿತು. ಒಂದು ಗೈಡ್ ಮುಂದಿಟ್ಟರು. “ಇದ್ರಾಗೆ ಬರೀ ಪ್ರಶ್ನೆ ಉತ್ತರ. ಬಾಯಿಪಾಠ ಮಾಡು, ಸಾಕು.”

“ಬಾಯಿಪಾಠ ಬತ್ತದೆ ಯಜಮಾನ್ರೇ. ಯಾಕೆ ಅಂತ ಎದ್ದು ಕೇಳಿದ್ರೆ?”

ಬಾಯಿಪಾಠ ಅವನಿಗೆ ಹೊಸದಲ್ಲ. ಸಂಜೆ ದೇವರ ದೀಪದ ಮುಂದೆ ತಾತ ಕಾವ್ಯ ವಾಚಿಸುತ್ತಿದ್ದರು. ಆರು ಸಾಲಿನ ಷಟ್ಪದಿ ಕೇಳಿದಷ್ಟಕ್ಕೇ ನಾಲಗೆಯ ಮೇಲೆ ನಿಲ್ಲುತ್ತಿತ್ತು. ಆರು ಮೂಲೆಯ ಈ ಬೆಂಜೀನ್ ಮಾತ್ರ ಯಾವ ರಾಗಕ್ಕೂ ಕೂರುತ್ತಿರಲಿಲ್ಲ.

ಕೊನೆಗೆ ಒಂದು ತೆಳು ಪುಸ್ತಕ ಸಿಕ್ಕಿತು. ಸೂತ್ರಗಳು ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ. ಕಾರ್ಬನ್ನಿಗೆ ನಾಲ್ಕು ಕೈಗಳಿವೆ ಎಂದುಕೊಳ್ಳಿ, ಎಂದು ಶುರುವಾಗುತ್ತಿತ್ತು. ತುಟಿಯಾಡಿಸುತ್ತಾ ಓದಿದ. ಅರ್ಥವಾಯಿತು. ಮತ್ತೆ ಓದಿದ. ಮತ್ತೂ ಅರ್ಥವಾಯಿತು. ಕಣ್ಣು ಮುಚ್ಚಿ ಮನೆದೇವರನ್ನು ನೆನೆದ.

ಆಗಲೇ ಫೋನು ಬಡಿದುಕೊಂಡಿತು. ಪ್ರಿನ್ಸಿಪಾಲರು. ಪುಸ್ತಕವನ್ನು ಅಲ್ಲೇ ಇಟ್ಟು ಬಾಗಿಲಾಚೆ ಓಡಿದ. “ನಾಳೆ ತಪ್ಪಿಸ್ಕೊಬ್ಯಾಡ ಕಣಯ್ಯಾ,” ಎಂದರು ಅವರು. “ಇಲ್ಲ ಸಾರ್,” ಎಂದ.

ಒಳಗೆ ಬಂದಾಗ, ಬಸ್ಸಿನ ಧೂಳಿಗೆ ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡಿದ್ದ ಒಬ್ಬ ಹುಡುಗಿ ಆ ತೆಳು ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು.

“ಅದು ನಂದು!”

“ನೀನು ಬ್ಯಾಡ ಅಂತ ಹೋದೆ ಅಂದ್ಕಂಡೆ ಕಣಪ್ಪಾ,” ಶಂಕರಲಿಂಗಪ್ಪ ಕೈಚೆಲ್ಲಿದರು. “ಇದ್ದಿದ್ದು ಅದೊಂದೇ. ಬಡವನಹಳ್ಳಿಯಿಂದ ಇದಕ್ಕೇ ಅಂತ ಬಂದೈತೆ ಮಗು. ಮುಂದಿನ ವಾರ ತರಿಸ್ಕೊಡ್ಲಾ?”

ಓಬಳರಾಜು ಅವಳೆದುರು ಕೈ ಮುಗಿದೇಬಿಟ್ಟ. “ಇವತ್ತೊಂದು ರಾತ್ರಿಗೆ ಕೊಡಮ್ಮಾ. ನಾಳೆ ಬೆಳಿಗ್ಗೆ ನೀನಿದ್ದಲ್ಲಿಗೇ ತಂದ್ಕೊಡ್ತೀನಿ. ಓಬಳ ನರಸಿಂಹನ ಆಣೆ.”

ಹುಡುಗಿ ಮುಖದ ದುಪಟ್ಟಾ ಸರಿಸಿದಳು. ಹಿಂದಿನ ಬೆಂಚಿನ ಲೋಹಿತಾ. ಓಬಳರಾಜುವಿನ ಮುಗಿದ ಕೈ ಹಾಗೇ ನಿಂತಿತು.

“ಆಗಲ್ಲ ಸಾರ್. ಕನ್ನಡಕ್ಕೆ ನಿಮ್ಮಂಥ ಲೆಕ್ಚರರ್ ಇಲ್ಲ. ಆದ್ರೆ ಕೆಮಿಸ್ಟ್ರಿಯೋರು ಹೋದ್ಮೇಲೆ ಬೆಂಜೀನನ್ನೂ ನೀವು ಮೂರು ಕ್ಲಾಸು ಷಟ್ಪದೀಲೇ ಹಾಡ್ಬುಟ್ರಲ್ಲ, ಅದಕ್ಕೇ ಇದನ್ನ ಹುಡುಕ್ಕೊಂಡು ಬಂದಿರೋದು. ಕೊಡಲ್ಲ.”